ಪಥ್ಯವೂ ತಪವೂ

ಸಿರುಗುಪ್ಪದ ಅಕ್ಕಿಯನ್ನು ಬಳ್ಳಾರಿಯಲ್ಲಿ ಮಾರುವ ನಾನು, ನಾಲ್ಕು ವರ್ಷಗಳ ಹಿಂದೆ ಮಧುಮೇಹ ಕಾಣಿಸಿಕೊಂಡಾಗ ಅನ್ನವನ್ನೇ ದೂರವಿಡಬೇಕಾಯಿತು. ವೈದ್ಯರ ಮೇಲ್ವಿಚಾರಣೆಯಲ್ಲಿ ಅತ್ಯಲ್ಪ ಕ್ಯಾಲೊರಿಯ ಆಹಾರಕ್ರಮವನ್ನು ನಾನೇ ಬಯಸಿ ಆರಿಸಿಕೊಂಡೆನು. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ‘ಡೈರೆಕ್ಟ್’ ಅಧ್ಯಯನದಲ್ಲಿ, ರೋಗ ಕಂಡು 6 ವರ್ಷ ಮೀರದವರು 3ರಿಂದ 5 ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಗಳಲ್ಲಿಯೇ ಇರಬೇಕಿತ್ತು. ಈ ಕ್ರಮಕ್ಕೆ ಸೇರಿದವರಲ್ಲಿ ಶೇ. 46 ಮಂದಿಗೆ ವರ್ಷಾಂತ್ಯಕ್ಕೆ ಮಾತ್ರೆಯಿಲ್ಲದೆಯೇ ರೋಗ ಶಮನವಾಗಿತ್ತು. ಯಕೃತ್ತು ಮತ್ತು ಮೇದೋಜೀರಕ ಗ್ರಂಥಿಯಲ್ಲಿ ಸೇರಿದ ಕೊಬ್ಬು ಕರಗುವುದೇ ಇದರ ಮರ್ಮವೆನ್ನುತ್ತಾರೆ.

‘ತತ್ತ್ವಾರ್ಥಸೂತ್ರ’ವು ಬಾಹ್ಯತಪಗಳಲ್ಲಿ ಎರಡನೆಯದಾಗಿ ಎಣಿಸುವ ಅವಮೌದರ್ಯ, ಎಂದರೆ ಹೊಟ್ಟೆ ತುಂಬುವ ಮುನ್ನವೇ ಏಳುವುದು, ಇದೇ ಅಲ್ಲವೇ ಎಂದು ಹಿಗ್ಗಿದೆನು. ಬಸದಿಯಲ್ಲಿ ಯಾರೋ ‘ತಪಸ್ವಿ’ ಎಂದಾಗ ಅಲ್ಲವೆನ್ನಲಿಲ್ಲ. ಆ ಗರ್ವದಲ್ಲಿ, ವೈದ್ಯರಿಗೆ ತಿಳಿಸದೆ ಚತುರ್ದಶಿಯ ಉಪವಾಸವನ್ನೂ ಕೈಗೊಂಡೆನು. ಅವರು ಅರ್ಧಕ್ಕಿಳಿಸಿದ್ದ ಮಾತ್ರೆಯನ್ನು ಮಾತ್ರ ಎಂದಿನಂತೆ ನುಂಗಿದೆನು. ಮಧ್ಯಾಹ್ನ ಅಂಗಡಿಯಲ್ಲಿ ಬೆವರಿ, ನಡುಗಿ ಕುಸಿದೆನು. ಗುಮಾಸ್ತನು ಸಕ್ಕರೆಯ ನೀರು ಕುಡಿಸಿದನು. ವ್ರತವೂ ಮುರಿಯಿತು, ಗರ್ವವೂ ಮುರಿಯಿತು.

ಎರಡು ಖಾತೆಗಳನ್ನು ಬೆರೆಸಬಾರದೆಂಬುದು ವ್ಯಾಪಾರಿಗೆ ತಿಳಿದಿರಬೇಕಿತ್ತು. ಪಥ್ಯವು ದೇಹದ ಖಾತೆ. ಕರ್ಮನಿರ್ಜರೆಗಾಗಿ ಮಾಡುವುದು ತಪದ ಖಾತೆ. ಒಂದರ ಜಮೆಯನ್ನು ಇನ್ನೊಂದರಲ್ಲಿ ಬರೆದರೆ ಅದು ಅಸತ್ಯವೇ ಸರಿ. ದೇಹಕ್ಕೆ ಹಿಂಸೆಯೂ ಹೌದು.

ಈಗ ವೈದ್ಯರೇ ಮಾತ್ರೆಯನ್ನು ನಿಲ್ಲಿಸಿದ್ದಾರೆ, ರಕ್ತಪರೀಕ್ಷೆ ತಪ್ಪಿಲ್ಲ. ಯಾರಾದರೂ ತಪಸ್ವಿಯೆಂದರೆ, ‘ರೋಗಿ’ ಎಂದು ತಿದ್ದುತ್ತೇನೆ.