ಹಿಮಗಿರಿಯ ಕಿವಿ

ಎಲ್ಲಿಯ ಸಮುದ್ರ, ಎಲ್ಲಿಯ ಬಸವೇಶ್ವರನಗರ! ಆದರೂ ಹಳೇ ಯುದ್ಧನೌಕೆಗಳ ಚರಿತ್ರೆ ಓದುವ ಹುಚ್ಚು ನನಗೆ ಅದು ಹೇಗೋ ಅಂಟಿಕೊಂಡುಬಿಟ್ಟಿದೆ. ರಾತ್ರಿ ಊಟ ಆದಮೇಲೆ ಕೂತು ಯಾವ ಹಡಗು ಯಾವ ಬಂದರಿಗೆ ಹೋಗಿತ್ತು ಅಂತ ಹುಡುಕುತ್ತಿರುತ್ತೇನೆ. "ಅದರಿಂದ ಸಂಬಳ ಜಾಸ್ತಿ ಆಗುತ್ತಾ?" ಅಂತ ಅಮ್ಮ ಕೇಳುತ್ತಾಳೆ. ಉತ್ತರ ಇಲ್ಲ :-)

2025ರ ಆಗಸ್ಟ್ 26ರಂದು ವಿಶಾಖಪಟ್ಟಣದಲ್ಲಿ ಉದಯಗಿರಿ, ಹಿಮಗಿರಿ ಅನ್ನುವ ಎರಡು ಹೊಸ ಫ್ರಿಗೇಟುಗಳು ನೌಕಾಪಡೆಗೆ ಸೇರಿದವು. ದೊಡ್ಡ ಹಡಗುಗಳಿಗೆ ಕಾವಲು ಹೋಗುವುದು, ನೀರೊಳಗಿನ ಸಬ್‌ಮರೀನ್‌ಗಳನ್ನು ಹುಡುಕಿ ಹೊಡೆಯುವುದು ಫ್ರಿಗೇಟುಗಳ ಕೆಲಸ. ನಮ್ಮಲ್ಲಿ ಮಗುವಿಗೆ ತಾತನ ಹೆಸರಿಡುತ್ತೇವಲ್ಲ, ನೌಕಾಪಡೆಯಲ್ಲೂ ಹಾಗೇ. ನಿವೃತ್ತಿಯಾದ ಹಡಗಿನ ಹೆಸರು ಹೊಸದಕ್ಕೆ ಬರುತ್ತದೆ. ಹಾಗಾದರೆ ತಾತ ಹಿಮಗಿರಿ ಯಾರು ಅಂತ ಹುಡುಕಲು ಕೂತೆ.

ಹಳೇ ಹಿಮಗಿರಿ ಮುಂಬಯಿಯ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ್ದು. ಬ್ರಿಟಿಷರ ಲಿಯಾಂಡರ್ ಮಾದರಿ. 1974ರ ನವೆಂಬರಿನಲ್ಲಿ ಸೇವೆಗೆ ಸೇರಿ 2005ರ ಮೇ ತಿಂಗಳಲ್ಲಿ ನಿವೃತ್ತಿ. ಮೂವತ್ತು ವರ್ಷದ ಸರ್ವಿಸ್. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ವಿಷಯ: ನಮ್ಮ ದೇಶದಲ್ಲೇ ರೂಪುಗೊಂಡ 'ಆಪ್ಸೋ' ಎಂಬ ಸೋನಾರ್ ಅನ್ನು ಎಂಬತ್ತರ ದಶಕದ ಆರಂಭದಲ್ಲಿ ಮೊದಲು ಜೋಡಿಸಿ ಪರೀಕ್ಷಿಸಿದ್ದು ಈ ಹಡಗಿನಲ್ಲಿ. ವಿನ್ಯಾಸ ಕೊಚ್ಚಿಯ ನೌಕಾ ಪ್ರಯೋಗಾಲಯದ್ದು. ತಯಾರಿಸಿದ್ದು ನಮ್ಮ ಜಾಲಹಳ್ಳಿಯ ಬಿ.ಇ.ಎಲ್!

ಅದರ ಕಥೆ ಮಾತ್ರ ಶುರುವಾಗುವುದು ಬೇರೆ ಹಡಗಿನಿಂದ. ಖುಕ್ರಿ. ಅದೂ ಫ್ರಿಗೇಟೇ, 1958ರಲ್ಲಿ ಇಂಗ್ಲೆಂಡಿನಿಂದ ಬಂದದ್ದು. 1971ರ ಯುದ್ಧದಲ್ಲಿ, ಡಿಸೆಂಬರ್ 9ರ ರಾತ್ರಿ, ದಿಯು ಆಚೆಯ ಸಮುದ್ರದಲ್ಲಿ ಪಾಕಿಸ್ತಾನದ ಹಂಗೋರ್ ಎಂಬ ಸಬ್‌ಮರೀನನ್ನು ಹುಡುಕುತ್ತಿತ್ತು. ಹುಡುಕಲು ಹೋದವರಿಗೇ ಅದು ಕೇಳಿಸಲಿಲ್ಲ. ಅದಕ್ಕೆ ಇವರು ಚೆನ್ನಾಗಿಯೇ ಕೇಳಿಸುತ್ತಿದ್ದರು. ಟಾರ್ಪೆಡೊ ಬಡಿದು ಕೆಲವೇ ನಿಮಿಷಗಳಲ್ಲಿ ಹಡಗು ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಅವರ ಬಗ್ಗೆ ನೀವೂ ಓದಿರುತ್ತೀರಿ.

ಅಷ್ಟಾಗಿ ಯಾರೂ ಹೇಳದ ಹೆಸರು ಲೆಫ್ಟಿನೆಂಟ್ ವಿ.ಕೆ. ಜೈನ್ ಅವರದು. ಹಡಗಿನ ಹಳೇ ಬ್ರಿಟಿಷ್ ಸೋನಾರ್‌ಗೆ ಇನ್ನಷ್ಟು ದೂರ ಕೇಳಿಸುವಂತೆ ಅವರೊಂದು ಸುಧಾರಣೆ ಮಾಡಿದ್ದರು. ಅದರ ಪರೀಕ್ಷೆಗೆಂದೇ ಖುಕ್ರಿಯಲ್ಲಿದ್ದರು. ಹಡಗು ನಿಧಾನ ಹೋದಷ್ಟೂ ಅದರದೇ ಗದ್ದಲ ಕಡಿಮೆಯಾಗಿ ಚೆನ್ನಾಗಿ ಕೇಳುತ್ತದೆ. ನಿಧಾನ ಹೋದಷ್ಟೂ ಟಾರ್ಪೆಡೊಗೆ ಗುರಿಯೂ ಸಲೀಸು. ಜೈನ್ ತಮ್ಮ ಪ್ರಯೋಗದ ಜೊತೆಗೇ ಮುಳುಗಿದರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾವು ಮಾಡುವ ಟೆಸ್ಟಿಂಗ್ ನೆನಪಾಯಿತು. ಕೆಲಸ ಮಾಡದಿದ್ದರೆ ಹಳೇ ವರ್ಷನ್ ಹಾಕಿ ಟೀ ಕುಡಿಯಲು ಹೋಗುತ್ತೇವೆ.

ತಪ್ಪೆಲ್ಲ ಸೋನಾರಿನದೂ ಅಲ್ಲ ಅನ್ನಿ. ನಮ್ಮ ಕಡೆಯ ಬೆಚ್ಚಗಿನ ಸಮುದ್ರದಲ್ಲಿ ಮೇಲಿನ ನೀರು ಕಾದಿರುತ್ತದೆ, ಕೆಳಗಿನದು ತಣ್ಣಗೆ. ಆ ಗಡಿಯಲ್ಲಿ ಶಬ್ದ ಕೆಳಕ್ಕೆ ಬಾಗಿಬಿಡುತ್ತದೆ. ಸಬ್‌ಮರೀನ್ ಅದರಡಿ ತಣ್ಣಗೆ ಕೂತರೆ ಮೇಲಿನ ಹಡಗಿಗೆ ಪತ್ತೆಯೇ ಇಲ್ಲ. ಅಟ್ಲಾಂಟಿಕ್‌ನ ತಣ್ಣೀರನ್ನು ಮನಸ್ಸಿನಲ್ಲಿಟ್ಟು ಮಾಡಿದ ಯಂತ್ರ ಅರಬ್ಬಿ ಸಮುದ್ರದಲ್ಲಿ ತಡವರಿಸಿದರೆ ಆಶ್ಚರ್ಯವೇನು?

ಯುದ್ಧ ಮುಗಿದ ಮೇಲೆ ಸೋನಾರ್ ಸುಧಾರಿಸುವ ಕೆಲಸ ದೆಹಲಿಯ ಐ.ಐ.ಟಿ.ಗೆ ಹೋಯಿತು. ಅಲ್ಲಿ ಓದುತ್ತಿದ್ದ ನೌಕಾಪಡೆಯ ತರುಣ ಅಧಿಕಾರಿ, ಪೊಳ್ಳಾಚಿಯಲ್ಲಿ ಹುಟ್ಟಿದ ಆರೋಗ್ಯಸ್ವಾಮಿ ಪೌಲ್‌ರಾಜ್, ಅದನ್ನು ಕೈಗೆತ್ತಿಕೊಂಡರು. ಮುಂದೆ ಕೊಚ್ಚಿಯಲ್ಲಿ ಆಪ್ಸೋ ಯೋಜನೆಯ ಮುಖ್ಯಸ್ಥರೂ ಅವರೇ. ಹಿಮಗಿರಿಯಲ್ಲಿ ಅದು ಗೆದ್ದಿತು, ಮುಂದೆ ಗಂಗಾದಂಥ ಫ್ರಿಗೇಟುಗಳಿಗೂ ಬಂತು. ಆಮೇಲೆ ಪೌಲ್‌ರಾಜ್ ಬೆಂಗಳೂರಿಗೆ ಬಂದು ಕೃತಕ ಬುದ್ಧಿಮತ್ತೆಯ ಪ್ರಯೋಗಾಲಯ ಕಟ್ಟಿದರು, ಬಿ.ಇ.ಎಲ್‌ನ ಸಂಶೋಧನಾ ವಿಭಾಗದಲ್ಲಿದ್ದರು, ಕಡೆಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ಸೇರಿದರು. ಅಲ್ಲಿ 1992ರಲ್ಲಿ ಹೊಳೆದದ್ದು 'ಮೈಮೋ'. ಒಂದೇ ತರಂಗಾಂತರದಲ್ಲಿ ಹಲವು ಆಂಟೆನಾಗಳಿಂದ ಬೇರೆ ಬೇರೆ ಸಂದೇಶ ಕಳಿಸಿ, ಆ ಕಡೆ ಹಲವು ಆಂಟೆನಾಗಳಲ್ಲಿ ಹಿಡಿದು ಬಿಡಿಸಿಕೊಳ್ಳುವ ಉಪಾಯ. ಸೋನಾರ್‌ನಲ್ಲೂ ಹೀಗೇ ಸಾಲಾಗಿ ಕಿವಿಗಳಿಟ್ಟು, ಯಾವ ಸದ್ದು ಯಾವ ದಿಕ್ಕಿನದು ಅಂತ ಬೇರ್ಪಡಿಸುತ್ತಾರೆ. ನಮ್ಮ ಇವತ್ತಿನ ವೈಫೈ, 4ಜಿ ಎಲ್ಲ ಮೈಮೋ ಮೇಲೆ ನಿಂತಿವೆ. ಈ ಬ್ಲಾಗು ನಿಮ್ಮನ್ನು ಮುಟ್ಟಿದ್ದೂ ಬಹುಶಃ ಅದರ ಮೂಲಕವೇ!

ಇಷ್ಟೆಲ್ಲ ಓದಿದವನಿಗೆ ಸುಮ್ಮನಿರಲು ಆಗುತ್ತದೆಯೇ? ಎದುರುಮನೆ ಅಂಕಲ್ ಬಿ.ಇ.ಎಲ್‌ನಿಂದ ನಿವೃತ್ತರಾದವರು. ಭಾನುವಾರ ಬೆಳಿಗ್ಗೆ ಗೇಟಿನ ಹತ್ತಿರ ಪೇಪರ್ ಓದುತ್ತಾ ನಿಂತಿದ್ದರು.

"ಅಂಕಲ್, ನೀವು ಸೋನಾರ್ ಮಾಡಿದ್ದೀರಾ?"

"ನೇವಿ ಕೆಲಸ ಬರ್ತಿತ್ತಪ್ಪ. ಯಾವ ಹಡಗಿಗೆ ಅಂತ ನಮಗ್ಯಾರು ಹೇಳ್ತಾರೆ? ಡ್ರಾಯಿಂಗ್ ಬರೋದು, ಮಾಡಿ ಕೊಡೋದು. ಒಂದು ಸೋಲ್ಡರಿಂಗ್ ಸರಿಯಿಲ್ಲ ಅಂದ್ರೂ ಇಡೀ ಬೋರ್ಡ್ ವಾಪಸ್. ಬೈಕೊಂಡು ಮತ್ತೆ ಮಾಡ್ತಿದ್ವಿ."

"ಹಡಗು ನೋಡಿಲ್ವಾ?"

"ಕ್ಯಾಲೆಂಡರಲ್ಲಿ ನೋಡಿದೀನಿ. ಸಮುದ್ರ ನೋಡಿದ್ದು ಗೋಕರ್ಣಕ್ಕೆ ಹೋದಾಗ."

ಖುಕ್ರಿಯ ವಿಷಯ ಹೇಳಿದೆ. ಮುಳುಗಿದ್ದು ಅವರಿಗೆ ಗೊತ್ತಿತ್ತು, ಜೈನ್ ವಿಷಯ ಗೊತ್ತಿರಲಿಲ್ಲ. "ಅವರಿಗೆ ಎಷ್ಟು ವಯಸ್ಸಂತೆ?" ಅಂದರು. ಲೆಫ್ಟಿನೆಂಟ್ ಅಂದಮೇಲೆ ಚಿಕ್ಕವರೇ ಇರಬೇಕು ಅಂದೆ. ಪೇಪರ್ ಮಡಚಿದರು. "ನಿನ್ನ ವಯಸ್ಸಿನವರೇ ಅನ್ನು" ಅಂತ ಹೇಳಿ, ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಹಡಗುಗಳ ಸೇವಾ ಚರಿತ್ರೆಯಲ್ಲಿ ಕ್ಯಾಪ್ಟನ್ನರ ಹೆಸರು ಇರುತ್ತದೆ, ಬಂದರುಗಳ ಹೆಸರು ಇರುತ್ತದೆ. ಬೋರ್ಡ್ ವಾಪಸ್ ಬಂದಾಗ ಬೈದುಕೊಂಡು ಮತ್ತೆ ಸೋಲ್ಡರ್ ಮಾಡಿದವರು ಯಾವ ಪುಟದಲ್ಲೂ ಸಿಗಲಿಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಅಂದಹಾಗೆ, ಆಪ್ಸೋ ನಂತರ ಕೊಚ್ಚಿ ಮತ್ತು ಬಿ.ಇ.ಎಲ್ ಸೇರಿ ಮಾಡಿದ ಸೋನಾರ್‌ನ ಹೆಸರು 'ಹಂಸ'. ಇಂಗ್ಲಿಷಿನ ಮೊದಲಕ್ಷರಗಳನ್ನು ಜೋಡಿಸಿ ಮಾಡಿದ ಹೆಸರಂತೆ, ನಮಗೆ ಮಾತ್ರ ಹಂಸವೇ. ಹಾಲು ನೀರು ಬೇರ್ಪಡಿಸುವ ಹಕ್ಕಿ. "ಅಂತೂ ಯಾರೋ ಒಬ್ಬ ಒಳ್ಳೇ ಹೆಸರಿಟ್ಟಿದಾನೆ" ಅಂದರು ಅಂಕಲ್.