ಗಾಡಿ ಬಂದ್ ಬೀಳುವ ಬಗೆ

ಡೀಸೆಲ್ ಟ್ಯಾಂಕಿನ ಮುಚ್ಚಳ ಅರ್ಧ ತಿರುಗಿಸುವಷ್ಟರಲ್ಲಿ ‘ಸುಸ್ಸ್’ ಎಂದು ಹೊರಗಿನ ಗಾಳಿ ಒಳಗೆ ನುಗ್ಗುತ್ತದಲ್ಲ, ಆ ಸದ್ದು ಕೇಳಲಿಕ್ಕೂ ಪುಣ್ಯ ಬೇಕು. ಮೊನ್ನೆ ರಾಜೇಶ್ವರದ ಹತ್ತಿರ ಹೆದ್ದಾರಿಯ ಮಗ್ಗುಲಲ್ಲಿ ನನಗದು ಸಿಕ್ಕಿತು. ಪಕ್ಕದಲ್ಲೇ ನಮ್ಮ ಸೋದರಮಾವ, ಲಾರಿಗಳು ಹೋದಾಗ ಏಳುವ ಗಾಳಿಗೆ ಧೋತರದ ಚುಂಗು ಹಿಡಿದುಕೊಂಡು ನಿಂತಿದ್ದರು. ಅವರಿಗೆ ಸದ್ದೂ ಕೇಳಲಿಲ್ಲ, ಸುಖವೂ ಆಗಲಿಲ್ಲ. “ಗಾಡಿ ಬಂದ್ ಬಿದ್ದದ, ನಿನಗ ನಗಿ ಬರ್ಲತ್ತದೇನೋ ಅಳ್ಯಾ?” ಎಂದು ಸಿಡುಕಿದರು.

ಮಾಮಾನ ಪಿಕಪ್ಪು ಹಳೆಯ ಕಾಲದ್ದು. ಅದರಲ್ಲಿ ಕಂಪ್ಯೂಟರಿಲ್ಲ, ಸೆನ್ಸರಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹೊತ್ತಿಸಿ ಹೆದರಿಸುವ ಯಾವ ವ್ಯವಸ್ಥೆಯೂ ಇಲ್ಲ. ಸಾಲಾಗಿ ನಿಂತ ಪ್ಲಂಜರುಗಳ ಪಂಪು, ಅದರ ಮಗ್ಗುಲಿಗೆ ಫೀಡ್ ಪಂಪು, ಮೇಲೊಂದು ಫಿಲ್ಟರು, ಮುಗಿಯಿತು. ತೊಗರಿ, ಸೋಯಾ, ರಸಗೊಬ್ಬರ, ಒಮ್ಮೊಮ್ಮೆ ಮದುವೆಯ ಬೀಗರು, ಎಲ್ಲವನ್ನೂ ಹೊತ್ತು ಬಸವಕಲ್ಯಾಣ ಹುಮನಾಬಾದ್ ನಡುವೆ ಓಡಾಡಿದ ಗಾಡಿ. ಈಗ ಕೆಲವು ತಿಂಗಳಿಂದ ಅದಕ್ಕೊಂದು ನಖರಾ ಹತ್ತಿತ್ತು. ಹುಮನಾಬಾದಿನ ಬಂಕಿನಲ್ಲಿ ಹೊಟ್ಟೆ ತುಂಬಾ ಡೀಸೆಲ್ ಕುಡಿಯುವುದು, ಜೋರಾಗಿ ಹೊರಡುವುದು, ಸಸ್ತಾಪುರ ಬಂಗ್ಲಾ ಮುಟ್ಟುವುದರೊಳಗೆ ಎಲ್ಲೋ ಒಂದು ಕಡೆ ಬಂದ್ ಬೀಳುವುದು. ಒಂದು ಚಹಾ ಕುಡಿಯುವಷ್ಟು ಹೊತ್ತು ಬಿಟ್ಟು ಚಾವಿ ತಿರುಗಿಸಿದರೆ, ಏನೂ ಆಗೇ ಇಲ್ಲವೆಂಬಂತೆ ಚಾಲು. ಗ್ಯಾರೇಜಿನಲ್ಲಿ ನಿಲ್ಲಿಸಿ ದಿನವಿಡೀ ಓಡಿಸಿದರೂ ಕೆಮ್ಮುವುದಿಲ್ಲ. ಇಂಥ ದೋಷ ಜಾತ್ರೆಯಲ್ಲಿ ಕಂಡ ಸಾಲಗಾರನ ಹಾಗೆ, ಕಣ್ಣಿಗೆ ಬೀಳುತ್ತಾನೆ, ಕೈಗೆ ಸಿಗುವುದಿಲ್ಲ.

ನನ್ನ ಮಟ್ಟಿಗೆ ದೋಷ ಅಂದರೆ ಇದೇ. ಕ್ಲಚ್ ಪ್ಲೇಟ್ ಸವೆದದ್ದು, ರೇಡಿಯೇಟರ್ ಸೋರಿದ್ದು, ಇವೆಲ್ಲ ಬರೀ ಖರ್ಚು. ಬಂದು ಹೋಗಿ ಮಾಡುವ ದೋಷದಲ್ಲಿ ಮಾತ್ರ ತಲೆಗೆ ಕೆಲಸ. ಅದಕ್ಕೆ ನಾನು ಮೊದಲು ಕೇಳುವ ಪ್ರಶ್ನೆ ‘ಯಾವಾಗಿಂದ?’ ಅಲ್ಲ, ‘ಹ್ಯಾಂಗ ಬಂದ್ ಬೀಳ್ತದ?’ ದೀಪ ಆರಿಸಿದ ಹಾಗೆ ತಟಕ್ಕನೆ ನಿಂತರೆ ವೈರಿನ ಕಡೆ ನೋಡಬೇಕು. ಪಂಪಿಗೆ ಸ್ಟಾಪ್ ಸೊಲೆನಾಯ್ಡ್ ಇರುವ ಗಾಡಿಯಾದರೆ ಅದರ ತಂತಿ ಅಲುಗಾಡುತ್ತಿರುತ್ತದೆ, ಇಲ್ಲವೇ ಸುರುಳಿ ಕಾದಾಗ ಕೈಕೊಟ್ಟು ತಣಿದಾಗ ಸರಿಹೋಗುತ್ತಿರುತ್ತದೆ. ತಡವರಿಸಿ, ರೇಸ್ ತಾನಾಗಿ ಏರಿ ಇಳಿದು ನಿಂತು, ಆಮೇಲೆ ಹ್ಯಾಂಡ್ ಪ್ರೈಮರ್ ಹೊಡೆಯದೆ ಚಾಲೂ ಆಗದಿದ್ದರೆ ಏರ್ ಹಿಡಿದಿದೆ. ಗಾಳಿಯನ್ನು ಎಷ್ಟು ಒತ್ತಿದರೂ ಅದು ಕುಗ್ಗಿ ಸುಮ್ಮನಾಗುತ್ತದೆ, ಇನ್ನೂರು ಬಾರ್ ಒತ್ತಡಕ್ಕೆ ಬಾಯಿ ಬಿಡುವ ಇಂಜೆಕ್ಟರು ಅದಕ್ಕೆ ಬಗ್ಗುವುದಿಲ್ಲ. ಮೂರನೆಯದೊಂದಿದೆ: ನಿಧಾನಕ್ಕೆ ದಮ್ಮು ಕಳೆದುಕೊಂಡು, ಆಕ್ಸಿಲರೇಟರ್ ಒತ್ತಿದಷ್ಟೂ ಸೊರಗಿ ನಿಲ್ಲುವುದು, ಮತ್ತೆ ಸ್ವಲ್ಪ ಹೊತ್ತಿಗೆ, ಯಾರೂ ಏನೂ ಮಾಡದೆ, ಎದ್ದು ಕೂರುವುದು. ಮಾಮಾನ ಗಾಡಿಯದು ಈ ಮೂರನೆಯ ಜಾತಿ. ಹೊಗೆ ಕಪ್ಪೋ ಬಿಳಿಯೋ ಎಂದು ಕೇಳಿದರೆ ಮಾಮಾ, “ನಾ ಮುಂದ ನೋಡಿ ಹೊಡೀಲೋ, ಹಿಂದ ನೋಡಿ ಹೊಡೀಲೋ?” ಎಂದರು. ಆ ಮಾತೂ ಸರಿಯೇ.

ನಾನು ಕೈ ಹಾಕುವ ಮೊದಲೇ ಗಾಡಿ ಒಬ್ಬ ಮಿಸ್ತ್ರಿಯ ಹತ್ತಿರ ಹೋಗಿ ಬಂದಿತ್ತು. ಯಾವ ಊರು, ಯಾರು ಎಂದು ಹೇಳುವುದಿಲ್ಲ, ಅವನ ಜಾತಿಯವರು ಎಲ್ಲ ಊರಲ್ಲೂ ಇದ್ದಾರೆ. ಗಾಡಿ ಬಂದ್ ಬೀಳ್ತದೆ ಎನ್ನುವುದೇ ತಡ, “ಪಂಪ್ ಬಿಚ್ಬೇಕ್ರಿ ಮಾಲಕ್ರ” ಎನ್ನುವ ಜಾತಿ. ನನ್ನ ಜಗಳ ಇರುವುದು ಇವರ ಜೊತೆಗೆ. ಫಿಲ್ಟರ್ ನೋಡಿದ್ದೀಯಾ? ಇಲ್ಲ. ಟ್ಯಾಂಕಿನಿಂದ ಬರುವ ಪೈಪು? ಇಲ್ಲ. ಫೀಡ್ ಪಂಪಿನ ಜಾಳಿಗೆ? ಅದು ಆಮೇಲೆ. ಮೊದಲು ಪಂಪು ಬಿಚ್ಚಿ, ಗೋಣಿಯಲ್ಲಿ ಸುತ್ತಿ, ಕ್ಯಾಲಿಬ್ರೇಷನ್ ಎಂದು ಯಾವುದೋ ಊರಿಗೆ ಬಸ್ಸಿಗೆ ಹಾಕಿ ಕಳಿಸಬೇಕು. ಅದು ಹೋಗಿ ಬರುವವರೆಗೆ ಗಾಡಿ ಇವನ ಅಂಗಳದಲ್ಲಿ ನಿಲ್ಲಬೇಕು, ನಿಂತರೆ ಬ್ರೇಕ್ ಲೈನರೂ ಹೋಗಿದೆ ಎಂದು ಗೊತ್ತಾಗಬೇಕು.

ಆ ಪಂಪು ಎಂಥ ವಸ್ತು ಎಂದು ಇವರಿಗೆ ಯಾರು ಹೇಳಬೇಕು? ನಮ್ಮ ಮಿಸ್ತ್ರಿಗಳ ಬಾಯಲ್ಲಿ ಇಂದಿಗೂ ಅದು ‘ಮೈಕೋ ಪಂಪು’. 1951ರಲ್ಲಿ ಸ್ಥಾಪನೆಯಾಗಿ, ಮುಂದೆ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಹೆಸರದು. 2008ರಲ್ಲಿ ಅದು ಬಾಷ್ ಆಯಿತು, ಬೋರ್ಡು ಬದಲಾಯಿತು, ಗ್ಯಾರೇಜಿನ ಭಾಷೆ ಬದಲಾಗಲಿಲ್ಲ. ಒಳಗೆ ಪ್ಲಂಜರು ಮತ್ತು ಬ್ಯಾರಲ್ಲನ್ನು ಜೋಡಿ ಜೋಡಿಯಾಗಿಯೇ ಉಜ್ಜಿ ಕೂಡಿಸಿರುತ್ತಾರೆ. ನಡುವಿನ ಸಂದು ಎರಡು ಮೂರು ಮೈಕ್ರಾನು, ಅಂದರೆ ತಲೆಗೂದಲಿನ ದಪ್ಪದಲ್ಲಿ ಇಪ್ಪತ್ತರಲ್ಲಿ ಒಂದು ಪಾಲೂ ಇಲ್ಲ. ಒಂದರ ಪ್ಲಂಜರನ್ನು ಇನ್ನೊಂದರ ಬ್ಯಾರಲ್ಲಿಗೆ ಹಾಕುವಂತಿಲ್ಲ. ಅಂಥದನ್ನು ಹೆದ್ದಾರಿಯ ಧೂಳು ಬೀಳುವ ಅಂಗಳದಲ್ಲಿ, ಪೇಪರು ಹಾಸಿ, ಬೀಡಿ ಕಚ್ಚಿಕೊಂಡು ಬಿಚ್ಚುತ್ತಾರೆ. ಪೈಪು ಬಿಚ್ಚಿದ ಬಾಯಿಗೆ ಒಂದು ಬಟ್ಟೆ ಕಟ್ಟು ಎಂದರೆ ಅದೇ ಸೊಂಟದ ಬಟ್ಟೆ, ಅದರಲ್ಲಿರುವ ಗ್ರೀಸು, ಉಸುಕು, ಎಲ್ಲ ಒಳಗೆ. ಮಾಮಾ ಆ ಪಂಪಿಗೆ ಕೊಟ್ಟ ದುಡ್ಡಿನಲ್ಲಿ ಹಿಂದಿನ ಎರಡೂ ಟಯರು ಹೊಸವು ಬರುತ್ತಿದ್ದವು. ಗಾಡಿ ಮತ್ತೆ ಅಲ್ಲೇ ಬಂದ್ ಬಿತ್ತು. ಮಿಸ್ತ್ರಿ ಅಂದದ್ದು, “ಪಂಪ್ ಏಕದಂ ಫಸ್ಟ್ ಕ್ಲಾಸ್ ಅದರೀ, ನಿಮ್ಮ ಡೀಸೆಲ್ ಛಲೋ ಇಲ್ಲ.” ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ಒಂದು ಗೇಣು ಪಾರದರ್ಶಕ ಪೈಪಿನ ಬೆಲೆ ಎಷ್ಟು? ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಕೆಲವರು ಸುಮ್ಮನೆ ಕೊಟ್ಟು ಕಳಿಸುತ್ತಾರೆ. ನನ್ನ ಹತಿಯಾರು ಇದೇ. ಟ್ಯಾಂಕಿನಿಂದ ಬಂದ ಪೈಪು ಫೀಡ್ ಪಂಪಿಗೆ ಸೇರುವ ಮುಂಚೆ, ರಬ್ಬರಿನ ಜಾಗದಲ್ಲಿ, ಇದನ್ನು ಹಾಕಿ ಎರಡು ಕ್ಲಿಪ್ಪು ಬಿಗಿದುಬಿಟ್ಟರೆ ಗಾಡಿಯ ನಾಡಿ ಕಣ್ಣಿಗೆ ಕಾಣುತ್ತದೆ. ಡೀಸೆಲಿಗೆ ಬೇಗ ಬಿರುಸಾಗುವ ಪೈಪದು, ಪರೀಕ್ಷೆ ಮುಗಿದ ಮೇಲೆ ತೆಗೆದು ಒಳ್ಳೆಯ ರಬ್ಬರು ಹಾಕಲೇಬೇಕು. ಹಾಗೇ ಬಿಟ್ಟು ಬೈಸಿಕೊಂಡವರನ್ನು ಬಲ್ಲೆ. ಆದರೆ ಆ ಗೇಣುದ್ದದಲ್ಲಿ ಎಷ್ಟು ನೋಡಲಿಕ್ಕಿದೆ! ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೊಂದು ಬಂದರೆ ಎಲ್ಲೋ ಜಾಯಿಂಟು ಸಡಿಲ. ಉದ್ದುದ್ದ ಗುಳ್ಳೆ ಬಿಟ್ಟು ಬಿಟ್ಟು ಬಂದರೆ ಟ್ಯಾಂಕಿನೊಳಗಿನ ಪೈಪಿಗೇ ತೂತು, ಅದೂ ಡೀಸೆಲ್ ಮಟ್ಟ ಇಳಿದಾಗ ಮಾತ್ರ. ಇಂಥ ಗಾಡಿ ಟ್ಯಾಂಕು ತುಂಬಿದ್ದಾಗ ಸಾಧು, ಖಾಲಿಯಾಗುತ್ತ ಬಂದಾಗ ಪುಂಡ. ರಾತ್ರಿ ಬಾನೆಟ್ ಎತ್ತಿ, ಪೈಪಿನ ಹಿಂದೆ ಬ್ಯಾಟರಿ ಹಿಡಿದು, ಆ ಜೇನಿನ ಬಣ್ಣದಲ್ಲಿ ಗುಳ್ಳೆ ಬರುತ್ತದೋ ಎಂದು ಕಾಯುವಾಗ ಮನೆಯವರು ಊಟಕ್ಕೆ ಕರೆದದ್ದು ನನಗೆ ಕೇಳಿಸುವುದಿಲ್ಲ.

ಗುಳ್ಳೆ ಬಂದರೆ ಸಂಶಯ ಮೊದಲು ತಾಮ್ರದ ವಾಷರುಗಳ ಮೇಲೆ. ಒಮ್ಮೆ ಒತ್ತಿಸಿಕೊಂಡ ತಾಮ್ರ ಗಟ್ಟಿಯಾಗುತ್ತದೆ, ಎರಡನೇ ಸಲ ಎಷ್ಟು ಬಿಗಿದರೂ ಕೂರುವುದಿಲ್ಲ. ಹೊಸದು ಹಾಕಬೇಕು, ಇಲ್ಲವೇ ಸ್ಟೋವಿನ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಹಾಕಬೇಕು. ಗ್ಯಾರೇಜಿನ ಹುಡುಗ ಕೇಳಿದ, “ನೀರಿಗಿ ಹಾಕಿದ್ರ ಗಟ್ಟಿ ಆಗಲ್ಲೇನ್ರೀ?” ಉಕ್ಕು ಗಟ್ಟಿಯಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ. ಹುಡುಗ ನಂಬಲಿಲ್ಲ, ಕೈಯಿಂದ ಬಗ್ಗಿಸಿ ನೋಡಿ ನಂಬಿದ. ಅವನ ಉಸ್ತಾದ ಇನ್ನೂ ನಂಬಿಲ್ಲ. ಆತ ವಾಷರಿಗೆ ಅಂಟು ಬಳಿಯುತ್ತಾನೆ.

ಮಾಮಾನ ಗಾಡಿಯಲ್ಲಿ ಗುಳ್ಳೆ ಬರಲಿಲ್ಲ. ಬೇರೊಂದು ಆಯಿತು. ಹುಮನಾಬಾದ್ ಬಿಟ್ಟು ಸ್ವಲ್ಪ ದೂರ ಹೋಗಿ ನಿಲ್ಲಿಸಿ ನೋಡಿದರೆ, ಪೈಪಿನ ಹೊಟ್ಟೆ ಬೆನ್ನಿಗೆ ಹತ್ತಿಕೊಂಡಿತ್ತು. ಎರಡೂ ಗೋಡೆ ಒಳಕ್ಕೆ ಸೊಟ್ಟಗಾಗಿ, ಡೀಸೆಲ್ ನೂಲಿನಷ್ಟು ಹರಿಯುತ್ತಿತ್ತು. ಅಂದರೆ ಪಂಪು ಎಳೆಯುತ್ತಿದೆ, ಹಿಂದಿನಿಂದ ಯಾರೋ ಬಿಡುತ್ತಿಲ್ಲ. ಖಾತ್ರಿಗೆ ಒಂದು ಕ್ಯಾನಿನಲ್ಲಿ ಡೀಸೆಲ್ ತುಂಬಿ, ಬಾನೆಟ್ಟಿನ ಪಕ್ಕ ಕಟ್ಟಿ, ಟ್ಯಾಂಕಿನ ಹಂಗು ಬಿಟ್ಟು ಓಡಿಸಿದೆವು. ಇದನ್ನು ಮಾಡುವವರು ರಿಟರ್ನ್ ಪೈಪನ್ನೂ ಕ್ಯಾನಿಗೇ ಬಿಡಬೇಕು. ಫೀಡ್ ಪಂಪು ಇಂಜಿನ್ನಿಗೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಎತ್ತುತ್ತದೆ, ಉಳಿದದ್ದು ವಾಪಸು ಹೋಗುತ್ತದೆ. ಮರೆತರೆ ಕ್ಯಾನು ಖಾಲಿ, ಟ್ಯಾಂಕು ಭರ್ತಿ. ಕ್ಯಾನಿನ ಮೇಲೆ ಗಾಡಿ ಕುದುರೆಯಂತೆ ಓಡಿತು. ದೋಷ ಟ್ಯಾಂಕಿನ ಕಡೆ ಎಂದು ಅಲ್ಲಿಗೆ ಗೊತ್ತಾಯಿತು.

ಆಗ ಹೊಳೆಯಿತು, ಫುಲ್ ಟ್ಯಾಂಕು ಮಾಡಿಸಿದ ದಿನವೇ ಅದು ಹೆಚ್ಚು ಕಾಡುವುದು ಏಕೆಂದು. ಟ್ಯಾಂಕಿನೊಳಗೆ ಡೀಸೆಲಿನ ಮೇಲೆ ಐದು ಲೀಟರಿನಷ್ಟು ಗಾಳಿ ಇದೆ ಅನ್ನಿ. ಹೊರಗಿನ ಗಾಳಿ ಒಳಗೆ ಬರದಿದ್ದರೆ, ಒಂದು ಲೀಟರು ಸುಡುವಷ್ಟರಲ್ಲಿ ಆ ಐದು ಆರಾಗಿ ಹಿಗ್ಗಬೇಕು. ಒತ್ತಡದಲ್ಲಿ ಆರನೇ ಒಂದು ಪಾಲು ಹೋಯಿತು. ಎರಡೂವರೆ ಲೀಟರು ಸುಟ್ಟರೆ ಮೂರನೇ ಒಂದು ಪಾಲೇ ಹೋಯಿತು. ಹಳೆಯ ಫೀಡ್ ಪಂಪು ಇದರ ಎದುರು ಎಷ್ಟು ಎಳೆದೀತು? ಅದೇ ಟ್ಯಾಂಕು ಅರ್ಧಕ್ಕಿಂತ ಖಾಲಿ ಇದ್ದು ನಲವತ್ತು ಲೀಟರು ಗಾಳಿ ಇದ್ದರೆ, ಒಂದು ಲೀಟರು ಹೋದದ್ದು ಅದಕ್ಕೆ ಗೊತ್ತೂ ಆಗುವುದಿಲ್ಲ. ನಿಂತು ಚಹಾ ಕುಡಿಯುವಾಗ ಎಲ್ಲೋ ಸಂದಿಯಿಂದ ಸ್ವಲ್ಪ ಸ್ವಲ್ಪ ಗಾಳಿ ಒಳಗೆ ಸೇರುತ್ತಿತ್ತು, ಅಷ್ಟಕ್ಕೇ ಮತ್ತೆ ಚಾಲು. ಈ ಲೆಕ್ಕವನ್ನು ಗಾಡಿಯ ಬಾಗಿಲ ಮೇಲಿನ ಧೂಳಿನಲ್ಲಿ ಬೆರಳಿನಿಂದ ಬರೆದು ತೋರಿಸಿದೆ. ಮಾಮಾ ಅದನ್ನು ಒರೆಸಿದರು. ಮುಚ್ಚಳ ತೆಗೆದದ್ದು ಅದಾದ ಮೇಲೆಯೇ.

ಟ್ಯಾಂಕಿನ ಉಸಿರಿನ ನಳಿಗೆ ಚಾಸಿಗೆ ಕಟ್ಟಿದ, ಕಿರುಬೆರಳು ದಪ್ಪದ ರಬ್ಬರು. ಅದರ ತುದಿ ಬಗ್ಗಿಸಿ ನೋಡಿದರೆ ನುಣ್ಣಗೆ ಮೆತ್ತಿದ ಮಣ್ಣು. ಕಡ್ಡಿಯಿಂದ ಚುಚ್ಚಿದಾಗ ಬಿಲ್ಲೆ ಬಿಲ್ಲೆಯಾಗಿ ಉದುರಿತು, ಅದರ ಹಿಂದೆ ಕಾಲು ಮಡಚಿಕೊಂಡ ಒಣ ಜೇಡಗಳು. ಕುಂಬಾರ ಹುಳದ ಕೆಲಸ. ಜೇಡವನ್ನು ಕುಟುಕಿ, ಸಾಯದಂತೆ ಮರಗಟ್ಟಿಸಿ, ಮರಿಗೆ ಬುತ್ತಿ ಎಂದು ತುಂಬಿಟ್ಟು, ಮೊಟ್ಟೆ ಇಟ್ಟು, ಮಣ್ಣಿನಿಂದ ಬಾಗಿಲು ಮುಚ್ಚಿ ಹೋಗಿರುತ್ತದೆ. ಬಹುಶಃ ಗೂಡು ಹಳೆಯದೇ. ಮೊದಲಿದ್ದ ಮುಚ್ಚಳದ ವಾಷರು ಸವೆದು ಅಲ್ಲಿಂದಲೇ ಗಾಳಿ ಆಡುತ್ತಿತ್ತು. ಧಾಬಾದ ಎದುರು ರಾತ್ರಿ ನಿಲ್ಲಿಸಿದಾಗ ಯಾರೋ ಡೀಸೆಲ್ ಕದ್ದರೆಂದು ಮಾಮಾ ಬಿಗಿಯಾದ ಲಾಕ್ ಮುಚ್ಚಳ ಹಾಕಿಸಿದರು, ಗಾಡಿಯ ಉಸಿರು ಕಟ್ಟಿತು.

ಇದನ್ನು ಕೇಳಿ ನಗುವವರು ಇನ್ನೊಂದಿಷ್ಟು ಕೇಳಬೇಕು. 2011ರಲ್ಲಿ ಮಾಜ್ದಾ ಕಂಪನಿ ಉತ್ತರ ಅಮೆರಿಕದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಕಾರುಗಳನ್ನು ವಾಪಸು ಕರೆಸಿತು. ಕಾರಣ, ಒಂದು ಜಾತಿಯ ಹಳದಿ ಜೇಡ ಪೆಟ್ರೋಲ್ ಟ್ಯಾಂಕಿನ ಉಸಿರಿನ ಪೈಪಿನಲ್ಲಿ ಬಲೆ ನೇಯುತ್ತಿತ್ತು. ಒಳಗೆ ನಿರ್ವಾತ ಆಗಿ ಟ್ಯಾಂಕು ಬಿರುಕು ಬಿಡಬಹುದೆಂಬ ಭಯ. ಅದಕ್ಕೆಂದು ಪೈಪಿಗೆ ಸ್ಪ್ರಿಂಗು ಕೂರಿಸಿದರು. ಮೂರು ವರ್ಷದ ಮೇಲೆ ಮತ್ತೆ ಕರೆಸಬೇಕಾಯಿತು. ಜೇಡ ಸ್ಪ್ರಿಂಗಿಗೂ ಬಗ್ಗಲಿಲ್ಲ. ನಮ್ಮ ಕುಂಬಾರ ಹುಳದ ಬಳಗದ್ದು ಇನ್ನೂ ಘೋರ. 1996ರ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದ ಪ್ವೆರ್ಟೊ ಪ್ಲಾಟಾದಿಂದ ಎದ್ದ ಬೋಯಿಂಗ್ 757 ವಿಮಾನ ಸಮುದ್ರಕ್ಕೆ ಬಿದ್ದು 189 ಜನ ಸತ್ತರು. ವೇಗ ಅಳೆಯುವ ಪಿಟೊ ನಳಿಗೆಯೊಂದು ಮುಚ್ಚಿಹೋಗಿ, ಕ್ಯಾಪ್ಟನ್ನನಿಗೆ ಸುಳ್ಳು ವೇಗ ಕಾಣುತ್ತಿತ್ತು. ಕೆಲವು ದಿನ ಹೊದಿಕೆಯಿಲ್ಲದೆ ನಿಂತಿದ್ದ ವಿಮಾನದ ಆ ನಳಿಗೆಯಲ್ಲಿ ಮಣ್ಣಿನ ಕಣಜ ಗೂಡು ಕಟ್ಟಿರಬಹುದೆಂದು ತನಿಖೆಯವರ ಊಹೆ. ನಳಿಗೆಗೆ ಒಂದು ಬಟ್ಟೆಯ ಟೊಪ್ಪಿಗೆ ಹಾಕಿದ್ದರೆ ಸಾಕಿತ್ತು. ಇದನ್ನು ಓದಿದ ಮೇಲೆ ನಾನು ಯಾವ ಗಾಡಿಯ ಕೆಳಗೆ ನುಸುಳಿದರೂ ತೆರೆದ ಪೈಪಿನ ಬಾಯಿ ಕಂಡರೆ ಕಡ್ಡಿ ಹಾಕಿ ನೋಡುತ್ತೇನೆ, ನನ್ನದಲ್ಲದ ಗಾಡಿಯಾದರೂ ಸರಿ. ಒಮ್ಮೆ ಅದಕ್ಕೆ ಬೈಸಿಕೊಂಡದ್ದೂ ಇದೆ.

ಬಸವಕಲ್ಯಾಣ ಲಾರಿಗಳ ಊರು, ಗಾಡಿಯ ಬಗ್ಗೆ ಅಭಿಪ್ರಾಯವಿಲ್ಲದ ಗಂಡಸು ಇಲ್ಲಿ ಹುಟ್ಟುವುದಿಲ್ಲ. ಸಸ್ತಾಪುರ ಬಂಗ್ಲಾದಲ್ಲಿ ಚಹಾಕ್ಕೆ ನಿಂತಾಗ, ನಳಿಗೆ ಚೊಕ್ಕ ಮಾಡಿ, ತುದಿಗೆ ಸಣ್ಣ ಜಾಳಿಗೆ ಕಟ್ಟಿದ್ದನ್ನು ನಾನು ಹೇಳಿದರೆ ಅಲ್ಲಿದ್ದವರು ಸಭ್ಯತೆಗೆ ತಲೆ ಆಡಿಸಿದರು. ಒಬ್ಬರು ಪಂಪಿನ ಟೈಮಿಂಗ್ ಅಂದರು. ಇನ್ನೊಬ್ಬರು ಹುಮನಾಬಾದ್ ಕಡೆಯ ಡೀಸೆಲೇ ಬೇಡ ಅಂದರು. ಗಾಡಿ ಆಮೇಲೆ ಒಮ್ಮೆಯೂ ಬಂದ್ ಬಿದ್ದಿಲ್ಲ. ಮಾಮಾ ಮಾತ್ರ ಹೋದಲ್ಲೆಲ್ಲ, ನಾನು ಪಕ್ಕದಲ್ಲಿದ್ದಾಗಲೂ, ಒಂದೇ ಮಾತು ಹೇಳುತ್ತಿದ್ದಾರೆ: “ಪಂಪಿಗಿ ರೊಕ್ಕ ಹೋಯ್ತು ಖರೆ, ಆದ್ರ ಗಾಡಿ ನೋಡ್ರಿ, ಈಗ ಹ್ಯಾಂಗ ಓಡ್ಲತ್ತದ.” ಆ ಮಿಸ್ತ್ರಿಯ ಹತ್ತಿರ ಹೋಗಿರೆಂದು ಇಬ್ಬರಿಗೆ ವಿಳಾಸವನ್ನೂ ಕೊಟ್ಟಿದ್ದಾರೆ.