ವ್ಯಾಗನ್ನಿನ ಇನ್ನೊಂದು ಮಗ್ಗುಲು

ಅಬ್ಬಾ ಡಬ್ಲಿನ್ನಿಗೆ ಬರಲು ಒಪ್ಪಿದ್ದೇ ದೊಡ್ಡ ಮಾತು. ತಮ್ಮ ಅಲ್ಲಿ ನೆಲೆಸಿ ಎಂಟು ವರ್ಷವಾಗಿದ್ದರೂ ಏನಾದರೊಂದು ನೆಪ ಹೇಳಿ ಮುಂದೂಡುತ್ತಲೇ ಬಂದಿದ್ದರು. ಹೋದ ವರ್ಷ ಜೂನಿನಲ್ಲಿ ಅಂತೂ ಹೊರಡಿಸಿದೆವು. ಸಮುದ್ರ, ಕೋಟೆ, ದೊಡ್ಡ ದೊಡ್ಡ ಚರ್ಚುಗಳು ಎಲ್ಲ ತೋರಿಸಿದೆವು. ಅವರು ಎಲ್ಲದಕ್ಕೂ ‘ಛಲೋ ಐತಿ’ ಎಂದರು. ಮನಸ್ಸಿಗೆ ಹಿಡಿಸಿಲ್ಲ ಎಂದೇ ಅದರ ಅರ್ಥ. ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಅವರ ಮುಖ ಅರಳಿದ್ದು ಮಾಲಹೈಡಿನಲ್ಲಿ. ಅಲ್ಲಿ ಹುಲ್ಲು ಹೊದಿಸಿದ ಒಂದು ಹಳೆಯ ಮನೆಯಲ್ಲಿ ಮಾದರಿ ರೈಲುಗಳ ಮ್ಯೂಸಿಯಂ ಇದೆ. 2020ರಲ್ಲಿ ತೆರೆದದ್ದು. ಇಂಚಿಕೋರ್ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಿದ್ದ ಸಿರಿಲ್ ಫ್ರೈ ಎಂಬವರು ವರ್ಷಗಟ್ಟಲೆ ಕೈಯಿಂದಲೇ ಮಾಡಿದ ಗಾಡಿಗಳು ಗಾಜಿನ ಪೆಟ್ಟಿಗೆಗಳಲ್ಲಿವೆ. ಅಬ್ಬಾ ಹುಬ್ಬಳ್ಳಿ ವರ್ಕ್‌ಶಾಪಿನಲ್ಲಿ 38 ವರ್ಷ ಫಿಟ್ಟರ್ ಆಗಿದ್ದವರು. ಮನೆಯಲ್ಲಿ ದಖನಿ ಆಡುತ್ತಾರೆ, ವರ್ಕ್‌ಶಾಪಿನ ಮಾತು ಬಂದರೆ ಮಾತ್ರ ತಾವಾಗಿಯೇ ಹುಬ್ಬಳ್ಳಿ ಕನ್ನಡಕ್ಕೆ ಇಳಿಯುತ್ತಾರೆ. ಗಾಜಿಗೆ ಮೂಗು ಹಚ್ಚಿ, ‘ಇಂವಾ ನಮ್ಮ ಮನಶ್ಯಾ’ ಎಂದರು.

ಇದನ್ನು ತಮ್ಮ ತನ್ನ ನೆರೆಮನೆಯ ಮುದುಕರಿಗೆ ಹೇಳಿದ್ದೇ ತಡ, ಮರುದಿನವೇ ಅವರಿಂದ ಕರೆ ಬಂತು. ಹಿತ್ತಿಲಿನ ಮರದ ಶೆಡ್ಡಿನಲ್ಲಿ ಅವರೂ ಗಾಡಿ ಮಾಡುತ್ತಿದ್ದರಂತೆ. ಎಂಜಿನ್ನುಗಳನ್ನಲ್ಲ, ಬರೀ ಮಾಲಗಾಡಿಯ ಡಬ್ಬಿಗಳನ್ನು. ಅದೂ ಐರ್ಲೆಂಡಿನ ಹಳೆಯ ಡಬ್ಬಿಗಳನ್ನು.

ಅಡಿಗೆ 4 ಮಿಲಿಮೀಟರಿನ ಲೆಕ್ಕ. ಹದಿನಾರು ಅಡಿಯ ಡಬ್ಬಿ 64 ಮಿಲಿಮೀಟರ್ ಆಗಿ ಅಂಗೈಯಲ್ಲಿ ಕೂರುತ್ತದೆ. ಐರ್ಲೆಂಡಿನ ಹಳಿಯ ಅಗಲ 5 ಅಡಿ 3 ಅಂಗುಲ. ಒಂದೊಂದು ಕಂಪನಿ ಒಂದೊಂದು ಅಳತೆಯ ಹಳಿ ಹಾಕುತ್ತಿದ್ದಾಗ 1846ರ ಕಾನೂನು ಇದನ್ನೇ ಎಲ್ಲರಿಗೂ ಕಟ್ಟುಮಾಡಿತು. ಮಾದರಿಯಲ್ಲಿ ಅದು ಸರಿಯಾಗಿ 21 ಮಿಲಿಮೀಟರ್ ಆಗಬೇಕು. ಆದರೆ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಹಳಿ 16.5 ಮಿಲಿಮೀಟರಿನದು. ಬಹಳ ಜನ ಅದರಲ್ಲೇ ಸುಧಾರಿಸಿಕೊಳ್ಳುತ್ತಾರೆ. ನಮ್ಮ ಮುದುಕರು ಒಪ್ಪುವವರಲ್ಲ. ನಿಜವಾದ ಲೆಕ್ಕದಲ್ಲಿ ಒಂದು ಅಡಿಗೂ ಹೆಚ್ಚು ಕಡಿಮೆಯಾಗುತ್ತದಲ್ಲ ಎಂಬುದು ಅವರ ಸಂಕಟ. ಹಾಗಾಗಿ ಹಳಿಯನ್ನೂ ತಾವೇ ಕೂಡಿಸುತ್ತಾರೆ, ಗಾಲಿಗೆ ಉದ್ದನೆಯ ಆಕ್ಸಲ್ಲನ್ನೂ ತಾವೇ ಹಾಕುತ್ತಾರೆ.

ಮೇಜಿನ ಮೇಲಿದ್ದದ್ದು ದನ ಸಾಗಿಸುವ ಡಬ್ಬಿ. ಆ ದೇಶದ ರೈಲಿನ ಕಥೆಯಲ್ಲಿ ದನಗಳದು ದೊಡ್ಡ ಪಾಲು. ಸಂತೆಗಳಿಂದ ಡಬ್ಲಿನ್ ಬಂದರಿಗೆ, ಅಲ್ಲಿಂದ ಹಡಗು ಹತ್ತಿ ಇಂಗ್ಲೆಂಡಿಗೆ. 1840ರ ದಶಕದ ಆ ಘೋರ ಬರಗಾಲದಲ್ಲಿ, ಜನ ಹಸಿದು ಸಾಯುತ್ತಿದ್ದಾಗಲೂ, ಧಾನ್ಯ ಮತ್ತು ದನಗಳು ಹೊರಗೆ ಹೋಗುತ್ತಲೇ ಇದ್ದವು. ಈ ಡಬ್ಬಿಯ ಮಾಡಿನ ನಡುಭಾಗ ತೆರೆದೇ ಇರುತ್ತದೆ. ದನಗಳಿಗೆ ಗಾಳಿ ಬೇಕಲ್ಲ. ವಾಪಸು ಬರುವಾಗ ಅದನ್ನೇ ತೊಳೆದು, ಸರಕು ತುಂಬಿ, ಮೇಲೆ ತಾಡಪತ್ರಿ ಕಟ್ಟಿದರಾಯಿತು. ರೋಗ ಹರಡದಂತೆ ಒಳಗೆ ಸುಣ್ಣ ಬಳಿಯುತ್ತಿದ್ದರಂತೆ. ಹಲಗೆಗಳ ಸಂದಿಯಿಂದ ಸೋರಿದ ಆ ಸುಣ್ಣದ ಗೆರೆಗಳನ್ನೂ ಮುದುಕರು ಕೂದಲೆಳೆಯಂಥ ಕುಂಚದಿಂದ ಎಳೆದಿದ್ದರು. ಚಾಸಿಗೆ ಕಪ್ಪು ಬಣ್ಣ ಯಾಕಿಲ್ಲ ಎಂದು ತಮ್ಮ ಕೇಳಿದ. ಅದು ಇಂಗ್ಲೆಂಡಿನ ರೂಢಿ, ಇಲ್ಲಿ ಮೈಗೆ ಬಳಿದ ಬೂದುಬಣ್ಣವನ್ನೇ ಕೆಳಗೂ ಬಳಿಯುತ್ತಿದ್ದರು ಎಂದು ಸ್ವಲ್ಪ ಖಾರವಾಗಿಯೇ ಉತ್ತರ ಬಂತು.

ಇಷ್ಟೆಲ್ಲ ಗೊತ್ತಾಗುವುದು ಹೇಗೆ? ನೂರು ವರ್ಷದ ಹಿಂದೆ ಮಾಲಗಾಡಿಯ ಡಬ್ಬಿಯ ಮುಂದೆ ಕ್ಯಾಮೆರಾ ಇಟ್ಟವರು ಬಹಳ ಕಡಿಮೆ. ಎಲ್ಲರಿಗೂ ಎಂಜಿನ್ನೇ ಬೇಕು. ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಲಾರೆನ್ಸ್ ಸಂಗ್ರಹವೆಂಬ ಗಾಜಿನ ಪ್ಲೇಟುಗಳ ಹಳೆಯ ಫೋಟೋಗಳಿವೆ. ಊರು, ಬೀದಿ, ಸ್ಟೇಷನ್ನುಗಳ ಚಿತ್ರಗಳು. ಅವುಗಳ ಮೂಲೆಯಲ್ಲಿ ಎಲ್ಲೋ ನಿಂತಿರುವ ಡಬ್ಬಿಯನ್ನು ದೊಡ್ಡದು ಮಾಡಿ ಮಾಡಿ ನೋಡಿ, ಬೋಲ್ಟುಗಳನ್ನು ಎಣಿಸುತ್ತಾರೆ. ನಾವು ಕಥೆ ಬರೆಯುವವರು ‘ದೂರದಲ್ಲಿ ಗೂಡ್ಸ್ ಗಾಡಿ ಹಾದುಹೋಯಿತು’ ಎಂದು ಎಷ್ಟು ಸಲ ಬರೆದಿದ್ದೇವೋ. ಅದರ ಡಬ್ಬಿಗೆ ಎಷ್ಟು ಹಲಗೆ ಎಂದು ಒಮ್ಮೆಯೂ ಯೋಚಿಸಿದವರಲ್ಲ, ಅಪ್ಪ ಅದೇ ಡಬ್ಬಿ ರಿಪೇರಿ ಮಾಡಿ ನಮಗೆ ಅನ್ನ ಹಾಕುತ್ತಿದ್ದರೂ.

ಅಬ್ಬಾ ಡಬ್ಬಿಯನ್ನು ಕೈಗೆ ತೆಗೆದುಕೊಂಡು ಅಂಗಾತ ಮಾಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಉಗುರಿನಿಂದ ಬ್ರೇಕಿನ ಹಿಡಿಕೆ ಮುಟ್ಟಿ, ‘ಈ ಕಡೆ ಒತ್ತಿದರ ಬ್ರೇಕ್ ಹಿಡಿಯಂಗಿಲ್ಲ, ಬಿಡತೈತಿ. ಅವರಿಗೆ ಹೇಳು’ ಎಂದರು.

ತಮ್ಮ ಹೇಳಲು ಹಿಂಜರಿದ. ನಮಗೂ ಮುಜುಗರವಾಯಿತು. ಆದರೆ ಮುದುಕರು ಏನಂದರು, ಏನಂದರು ಎಂದು ಬಿಡಲಿಲ್ಲ. ಸಂಗತಿ ಇಷ್ಟೇ. ಡಬ್ಬಿಯ ಎರಡೂ ಮಗ್ಗುಲಲ್ಲಿ ಹಿಡಿಕೆಗಳಿದ್ದವು, ಎರಡೂ ಎದುರು ನಿಂತವನ ಬಲಕ್ಕೇ ಚಾಚಿದ್ದವು. ಎರಡಕ್ಕೂ ಅಡ್ಡ ಸರಳು ಒಂದೇ. ಈ ಕಡೆ ಒತ್ತಿದರೆ ಸರಳು ಒಂದು ದಿಕ್ಕಿಗೆ ತಿರುಗುತ್ತದೆ, ಆ ಕಡೆ ಒತ್ತಿದರೆ ಅದಕ್ಕೆ ಉಲ್ಟಾ. ಆದ್ದರಿಂದ ಒಂದು ಕಡೆ ತಿರುವು ಬದಲಿಸುವ ಕ್ಲಚ್ಚು ಇರಲೇಬೇಕು. ಇಲ್ಲವೇ ಆ ಕಡೆ ಹಿಡಿಕೆಯೇ ಇದ್ದಿರಬಾರದು. ಮುದುಕರ ಹತ್ತಿರ ಇದ್ದದ್ದು ಒಂದೇ ಮಗ್ಗುಲಿನ ಫೋಟೋ. ಇನ್ನೊಂದು ಮಗ್ಗುಲೂ ಹಾಗೇ ಇದ್ದೀತೆಂದು ಮಾಡಿಬಿಟ್ಟಿದ್ದರು.

ಅವರು ಮಾತಾಡಲಿಲ್ಲ. ಚಿಮಟ ತೆಗೆದುಕೊಂಡು, ನಮ್ಮ ಕಣ್ಣೆದುರಿಗೇ ಆ ಹಿಡಿಕೆಯನ್ನು ಕಿತ್ತರು. ಜೊತೆಗೆ ಸ್ವಲ್ಪ ಬಣ್ಣವೂ ಕಿತ್ತುಬಂತು. ನಾಲ್ಕು ತಿಂಗಳ ಕೆಲಸವಂತೆ ಅದು. ಆಮೇಲೆ ಚಹಾ ತರಿಸಿದರು. ಅಬ್ಬಾ ಮನೆಗೆ ಬಂದು, ‘ಹೇಳಬಾರದಿತ್ತೇನೋ’ ಎಂದು ಎರಡು ಸಲ ಅಂದರು.

ಆ ರಾತ್ರಿ ತಮ್ಮ, ‘ಅಬ್ಬಾ, ನಿಮ್ಮ ಡಬ್ಬೀದು ಒಂದು ಫೋಟೋ ಐತೇನು?’ ಎಂದು ಕೇಳಿದ. ಒಂದೂ ಇರಲಿಲ್ಲ. ನಿವೃತ್ತಿಯ ದಿನ ಮಾಲೆ ಹಾಕಿಸಿಕೊಂಡು ನಿಂತ ಫೋಟೋ ಇದೆ, ಹಿಂದೆ ಗೋಡೆ. ಅವರು ಕೆಲಸಕ್ಕೆ ಸೇರಿದಾಗ ಹುಬ್ಬಳ್ಳಿಯದು ಮೀಟರ್ ಗೇಜು. 1990ರ ದಶಕದಲ್ಲಿ ಬ್ರಾಡ್ ಗೇಜು ಬಂತು. ಅಬ್ಬಾ ಯೌವನವೆಲ್ಲ ಕಳೆದು ರಿಪೇರಿ ಮಾಡಿದ ಡಬ್ಬಿಗಳು ಸಾಲುಸಾಲಾಗಿ ಗುಜರಿಗೆ ಹೋದವು. ಆ ದಿನಗಳಲ್ಲಿ ಅವರು ಊಟ ಬಿಟ್ಟು ಏಳುತ್ತಿದ್ದುದು ನೆನಪಿದೆ. ಹೊಟ್ಟೆನೋವೆಂದು ಅಮ್ಮಿ ಹೇಳುತ್ತಿದ್ದಳು.

ಊರಿಗೆ ಬಂದ ಮೇಲೆ ಅಬ್ಬಾ ಮತ್ತು ನಾವು ಕೂತು ಒಂದು ಡಬ್ಬಿ ಶುರು ಮಾಡಿದ್ದೇವೆ. ಅದೇ 4 ಮಿಲಿಮೀಟರಿನ ಲೆಕ್ಕ. ಮೀಟರ್ ಗೇಜು 13 ಮಿಲಿಮೀಟರಿಗೆ ಬರುತ್ತದೆ. ಪ್ಲಾಸ್ಟಿಕ್ ಹಾಳೆಯಲ್ಲಿ ಗೆರೆ ಕೊರೆಯುವುದು ನಮ್ಮ ಕೆಲಸ, ಅಳತೆ ಹೇಳುವುದು ಅವರದು. ಅವರ ಕಣ್ಣು ಮಂಜಾಗಿದೆ. ನೆನಪೂ ಒಂದು ದಿನ ಇದ್ದಂತೆ ಇನ್ನೊಂದು ದಿನ ಇಲ್ಲ. ಒಮ್ಮೆ ಹೇಳಿದ್ದನ್ನು ಆಮೇಲೆ ಅಲ್ಲವೆನ್ನುತ್ತಾರೆ. ಎರಡು ಸಲ ಬಾಗಿಲು ಕಿತ್ತು ಹಾಕಿದ್ದೇವೆ. ಡಬ್ಲಿನ್ನಿನ ಮುದುಕರ ಡಬ್ಬಿ ಇನ್ನೂ ಒಂದೇ ಹಿಡಿಕೆಯಲ್ಲಿ ನಿಂತಿದೆಯೆಂದು ತಮ್ಮ ಹೇಳುತ್ತಾನೆ. ಅವರು ಆ ಕಡೆಯ ಫೋಟೋ ಹುಡುಕುತ್ತಿದ್ದಾರಂತೆ.

ಹೋದ ಶುಕ್ರವಾರ ಊಟಕ್ಕೆ ಕೂತವರು ತುತ್ತು ಕೈಯಲ್ಲಿ ಹಿಡಿದುಕೊಂಡೇ, ‘ಬಾಗಲಕ್ಕ ಹಿಂಜಸ್ ಎರಡಲ್ಲ, ಮೂರು. ಕೆಳಗಿಂದು ಯಾವಾಗಲೂ ಮುರಿದಿರ್ತಿತ್ತು’ ಎಂದರು. ಕೈ ತೊಳೆಯುವ ಮೊದಲು ಬರೆದುಕೊಂಡೆವು.